ಪಂಚಾಕ್ಷರಯ್ಯ ಮತ್ತು ರಂಗಯ್ಯ, 1984

ಹಾಸನದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಹೊಲಿಗೆ ಮಿಷನ್ ರಿಪೇರಿ ಅಂಗಡಿಯ ಮಹಡಿಯ ಮೇಲೆ ಹಂಸಳ ಟೈಪಿಂಗ್ ಕೋಣೆ ಇತ್ತು. ಎರಡು ಟೈಪ್‌ರೈಟರು, ಗೋಡೆಗೆ ಒರಗಿಸಿದ ಒಂದು ಬೆಂಚು, ಕಾರ್ಬನ್ ಪೇಪರ್ ಇಡಲು ಒಂದು ಕಬ್ಬಿಣದ ಬೀರು. ಕೆಳಗಿನ ಬೋರ್ಡಿನಲ್ಲಿ ಅರ್ಜಿ, ಬಯೋಡೇಟಾ, ಥೀಸಿಸ್ ಎಂದು ಮೂರು ಸಾಲು ಬರೆಸಿದ್ದಳು. 1990ರ ಹೊತ್ತಿಗೆ ಮೂರನೇ ಸಾಲಿನವರೇ ಜಾಸ್ತಿಯಾಗಿದ್ದರು. ಆಲೂಗಡ್ಡೆಯ ಮೇಲೆ ಸಂಶೋಧನೆ ಮಾಡುವವರು ಎಲ್ಲಿ ಓದುತ್ತಿದ್ದರೂ ಹೊಲ ನೋಡಲು ಹಾಸನಕ್ಕೇ ಬರಬೇಕು. ಬಂದವರು ಬರೆದದ್ದನ್ನು ಇಲ್ಲೇ ಟೈಪ್ ಮಾಡಿಸಿಕೊಂಡು ಹೋಗುತ್ತಿದ್ದರು. ಹಂಸಳ ಕೈ ಚೊಕ್ಕ ಎಂಬ ಮಾತು ಒಬ್ಬರಿಂದೊಬ್ಬರಿಗೆ ಹರಡಿತ್ತು.

ಅವಳು ಹೊಳೆನರಸೀಪುರದವಳು. ತಂದೆ ಸಂಪತ್ಕುಮಾರ ದೇವಸ್ಥಾನದಲ್ಲಿ ಅರ್ಚಕರಾಗಿದ್ದವರು, ಅವಳಿಗೆ ಹತ್ತೊಂಬತ್ತು ತುಂಬುವ ಮೊದಲೇ ತೀರಿಕೊಂಡರು. ಪಿಯುಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಪಾಸಾಗಿ ಮಿಕ್ಕಿದ್ದರಲ್ಲೆಲ್ಲ ಫೇಲಾದಳು. 'ಒಂದಾದರೂ ಬಂತಲ್ಲ, ಅದನ್ನೇ ಹಿಡ್ಕೋ' ಎಂದು ತಾಯಿ ಲಕ್ಷ್ಮೀದೇವಮ್ಮ ಟೈಪಿಂಗ್ ಕ್ಲಾಸಿಗೆ ಸೇರಿಸಿದರು. ಅದು ಕೈ ಹಿಡಿಯಿತು. ಬೆಳಿಗ್ಗೆ ಎಂಟರ ಬಸ್ಸಿಗೆ ಹಾಸನ, ಸಂಜೆ ಆರರ ಬಸ್ಸಿಗೆ ಮನೆ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ನಿಂತುಹೋಗಿತ್ತು. ಅದರ ಬಗ್ಗೆ ಯಾರಾದರೂ ಕೇಳಿದರೆ, 'ನನಗೂ ಟೈಮಿಲ್ಲ, ಅವರಿಗೂ ಟೈಮಿರಲಿಲ್ಲ' ಎಂದು ನಗುತ್ತಿದ್ದಳು.

1991ರಲ್ಲಿ ಒಂದು ಥೀಸಿಸ್ ವಾಪಸು ಬಂತು. ಚನ್ನರಾಯಪಟ್ಟಣದ ಆರತಿ ಎಂಬ ಹುಡುಗಿಯದು. ಗಿಡಗಳ ರೋಗದ ಬಗ್ಗೆ ಸಂಶೋಧನೆ. ಥೀಸಿಸ್ಸಿನ ಕೊನೆಯಲ್ಲಿ, ತಾನು ಯಾರ್ಯಾರ ಬರಹ ನೋಡಿದೆ ಎಂದು ಪಟ್ಟಿ ಕೊಡುವ ಪುಟಗಳಿರುತ್ತವಲ್ಲ, ಆ ಹದಿನೆಂಟು ಪುಟಕ್ಕೂ ಪರೀಕ್ಷಕರು ಕೆಂಪು ಶಾಯಿ ಬಳಿದಿದ್ದರು. ಒಬ್ಬನೇ ಲೇಖಕನ ಹೆಸರು ಮೂರು ಕಡೆ ಮೂರು ಥರ ಇತ್ತು.

'ಅಕ್ಕಾ, ತಪ್ಪು ನಿಮ್ಮದಲ್ಲ, ನಾನು ಬರೆದುಕೊಟ್ಟಿದ್ದೇ ಹಾಗೆ' ಎಂದು ಆರತಿ ಅಳುವ ಹಾಗಾದಳು.

'ಬರೆದಿದ್ದು ನೀನು, ಕುಟ್ಟಿದ್ದು ನಾನು. ಇಬ್ಬರದೂ ಅರ್ಧರ್ಧ' ಎಂದು ಹಂಸ ಹದಿನೆಂಟು ಪುಟವನ್ನೂ ಮತ್ತೆ ಕುಟ್ಟಿದಳು. ಕುಟ್ಟುತ್ತಲೇ ನಿರ್ಧಾರ ಮಾಡಿದಳು, ಇದು ಇನ್ನೊಂದು ಸಲ ಆಗಬಾರದು. ಮಾರನೇ ದಿನ ರಟ್ಟಿನ ದಪ್ಪ ಪುಸ್ತಕ ತಂದಳು. ಯಾವುದೇ ಬರಹದ ಹೆಸರು ಮೊದಲ ಸಲ ಕೈಗೆ ಬಂದಾಗ ಲೇಖಕ, ವರ್ಷ, ಪತ್ರಿಕೆ, ಪುಟಸಂಖ್ಯೆ ಎಲ್ಲ ಸರಿಮಾಡಿ ಅದರಲ್ಲಿ ಬರೆಯುವುದು. ಮುಂದೆ ಬೇರೆಯವರ ಥೀಸಿಸ್ಸಿನಲ್ಲಿ ಅದೇ ಬಂದರೆ ಪುಸ್ತಕ ನೋಡಿ ಟೈಪ್ ಮಾಡುವುದು. ಯಾವ ಥೀಸಿಸ್ಸಿನಲ್ಲಿ ಬಂತು ಅನ್ನುವುದು ನೆನಪಿರಲಿ ಅಂತ ಪಕ್ಕದಲ್ಲಿ ಒಂದು ಸಣ್ಣ ನಂಬರು. ಆರತಿಯ ಥೀಸಿಸ್ಸಿಗೆ ಒಂದನೇ ನಂಬರು.

ಎಂಟು ವರ್ಷದಲ್ಲಿ ಆ ಪುಸ್ತಕ ಮೂರಾಯಿತು. ಕೆಲವು ಹೆಸರುಗಳ ಪಕ್ಕ ಒಂದೇ ನಂಬರು ಒಂಟಿಯಾಗಿ ಉಳಿದಿತ್ತು, ಕೆಲವಕ್ಕೆ ಐದಾರು. 1999ರಲ್ಲಿ ಒಂದು ದಿನ ಪುಟ ತಿರುವುವಾಗ ಅವಳಿಗೆ ಒಂದು ವಿಚಿತ್ರ ಕಂಡಿತು. 'ಪಂಚಾಕ್ಷರಯ್ಯ ಕೆ. ಎಸ್. ಮತ್ತು ರಂಗಯ್ಯ, 1984' ಎಂಬುದರ ಮುಂದೆ ಹನ್ನೆರಡು ನಂಬರು. 'ಪಂಚಾಕ್ಷರಿ ಎಸ್.' ಎಂಬುದರ ಮುಂದೆ ಐದು. 'ಕೊಣನೂರು ಎಸ್. ಪಿ.' ಎಂಬುದರ ಮುಂದೆ ಏಳು. ಮೂರರಲ್ಲೂ ಜೊತೆಯ ಹೆಸರು ರಂಗಯ್ಯ, ವರ್ಷ ಒಂದೇ, ಪತ್ರಿಕೆ ಒಂದೇ, ಪುಟ 41ರಿಂದ 52. ಆಲೂಗಡ್ಡೆಯ ಎಲೆಯನ್ನು ಕಪ್ಪಗೆ ಕೊಳೆಸುವ ಅಂಗಮಾರಿ ರೋಗದ ಬಗ್ಗೆ ಬರೆದದ್ದು.

ದೂರದವರಿಗೆ ಕೊಣನೂರು ಅನ್ನುವುದು ಊರೋ ಮನೆತನವೋ ತಿಳಿಯುವುದಿಲ್ಲ. ಹಂಸ ಕೊಣನೂರಿನ ಬಸ್ಸನ್ನು ದಿನಾ ನೋಡುವವಳು. ಊರಿನ ಹೆಸರನ್ನು ಮನುಷ್ಯನ ಹೆಸರು ಮಾಡಿ, ಮನುಷ್ಯನನ್ನು ಬರೀ ಒಂದು 'ಪಿ' ಮಾಡಿಬಿಟ್ಟಿದ್ದಾರೆ ಎಂದು ಅವಳಿಗೆ ಹೊಳೆಯಿತು. ಮೂರನ್ನೂ ಹೊಡೆದುಹಾಕಿ ಒಂದೇ ಕಡೆ ಬರೆದಳು. ಒಟ್ಟು ಇಪ್ಪತ್ನಾಲ್ಕು; ಅವಳ ಪುಸ್ತಕದಲ್ಲಿ ಇನ್ಯಾರಿಗೂ ಅಷ್ಟು ನಂಬರಿರಲಿಲ್ಲ. ಮುಂದಿನ ಎರಡು ವರ್ಷದಲ್ಲಿ ಇನ್ನೂ ಏಳು ಸೇರಿದವು.

2001ರ ಶ್ರಾವಣದ ಒಂದು ಮಧ್ಯಾಹ್ನ ಅರಕಲಗೂಡಿನಿಂದ ಒಬ್ಬರು ಬಂದರು. ಐವತ್ತೇಳರ ಪ್ರಾಯ, ಹಣೆಯ ವಿಭೂತಿ ಮಳೆಗೆ ಅರ್ಧ ಅಳಿಸಿತ್ತು, ಛತ್ರಿಯನ್ನು ಮೆಟ್ಟಿಲ ಮೇಲೇ ಬಿಟ್ಟು ಒಳಗೆ ಬಂದರು.

'ಇದೊಂದು ಫಾರಂ ಟೈಪ್ ಆಗಬೇಕಿತ್ತಮ್ಮ. ನಮ್ಮ ಕಾಲೇಜು ಹೇಗಿದೆ ಅಂತ ಅಳೆಯೋಕೆ ಒಂದು ಸಮಿತಿ ಬರ್ತದಂತೆ. ಮೇಷ್ಟ್ರುಗಳೆಲ್ಲ ತುಂಬಿಕೊಡಬೇಕು ಅಂತ ಪ್ರಿನ್ಸಿಪಾಲರು ಹೇಳಿದಾರೆ.'

ಹಂಸ ಫಾರಂ ನೋಡಿದಳು. ಪ್ರಕಟವಾದ ಲೇಖನಗಳು: ಎರಡು. ಜೊತೆಗೆ ಕೆಲಸ ಮಾಡಿದವರು: ಒಬ್ಬರು. ಬೇರೆ ಸಂಶೋಧಕರು ಉಲ್ಲೇಖಿಸಿದ್ದು: ಇಲ್ಲ. ಮೇಲೆ ಹೆಸರು, ಕೊಣನೂರು ಸಿದ್ದಪ್ಪ ಪಂಚಾಕ್ಷರಯ್ಯ, ಸಸ್ಯಶಾಸ್ತ್ರ ಉಪನ್ಯಾಸಕರು.

ಅವಳ ಬೆರಳು ಕೀಲಿಯ ಮೇಲೇ ನಿಂತಿತು. 'ಸಾರ್, ಎಂಬತ್ನಾಲ್ಕರಲ್ಲಿ ಅಂಗಮಾರಿ ಬಗ್ಗೆ ಬರೆದಿದ್ದು ನೀವೇನಾ? ನಲವತ್ತೊಂದರಿಂದ ಐವತ್ತೆರಡನೇ ಪುಟ?'

'ಪುಟದ ನಂಬರು ನನಗೇ ಜ್ಞಾಪಕ ಇಲ್ಲ! ನಿಮಗೆ ಹೇಗೆ ಗೊತ್ತು?'

'ಮೂವತ್ತೊಂದು ಸಲ ಟೈಪ್ ಮಾಡಿದೀನಿ ಸಾರ್. ಈ "ಇಲ್ಲ" ಅನ್ನೋದನ್ನ ಮಾತ್ರ ನನ್ನ ಕೈಲಿ ಟೈಪ್ ಮಾಡೋಕಾಗಲ್ಲ.'

ಬೀರುವಿನಿಂದ ಪುಸ್ತಕ ತೆಗೆದು ತೋರಿಸಿದಳು. ಪಂಚಾಕ್ಷರಯ್ಯನವರು ಬೆಂಚಿನ ಮೇಲೆ ಕೂತು ಆ ಸಾಲನ್ನು ಬೆರಳಿಟ್ಟು ಓದಿದರು. ಆಮೇಲೆ ನಿಧಾನವಾಗಿ ಅವರ ಕಥೆ ಹೊರಬಂತು. ಹಾಸನಕ್ಕೆ ಹತ್ತಿರದ ಸಾಲಗಾಮೆಯಲ್ಲಿ ರಂಗಯ್ಯ ಎಂಬ ರೈತರ ಹೊಲದಲ್ಲಿ ಏಳು ವರ್ಷ ಕೆಲಸ ಮಾಡಿದ್ದರು. ಮಳೆಗಾಲದ ಬೆಳಿಗ್ಗೆ ಆಲೂಗಡ್ಡೆಯ ಎಲೆ ಎಷ್ಟು ಹೊತ್ತಿಗೆ ಒಣಗುತ್ತದೆ ಅನ್ನುವುದನ್ನು ದಿನಾ ಬರೆದಿಟ್ಟು, ಸತತ ಮೂರು ದಿನ ಒಂಬತ್ತು ಗಂಟೆಯಾದರೂ ಎಲೆ ಒಣಗದಿದ್ದರೆ ವಾರದೊಳಗೆ ಅಂಗಮಾರಿ ಬರುತ್ತದೆ ಎಂದು ತೋರಿಸಿದ್ದರು. ದಿನಾ ಎದ್ದು ಎಲೆ ಮುಟ್ಟಿ ನೋಡಿದವರು ರಂಗಯ್ಯ. ಅದಕ್ಕೇ ಲೇಖನದಲ್ಲಿ ಅವರ ಹೆಸರನ್ನೂ ಸೇರಿಸಿದ್ದರು. 1986ರಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಲು ಅನುಮತಿ ಕೇಳಿ ಸಂದರ್ಶನಕ್ಕೆ ಹೋದಾಗ ಅಲ್ಲಿದ್ದವರೊಬ್ಬರು, 'ಇರೋದು ಎರಡು ಲೇಖನ, ಯಾರೂ ಓದದ ಪತ್ರಿಕೆಯಲ್ಲಿ. ಈ ರಂಗಯ್ಯ ಯಾವ ಯೂನಿವರ್ಸಿಟಿ?' ಎಂದಿದ್ದರು. ಕೂತವರೆಲ್ಲ ನಕ್ಕಿದ್ದರು. ಊರಿಗೆ ಬಂದವರೇ ರಿಜಿಸ್ಟರುಗಳನ್ನು ಟ್ರಂಕಿಗೆ ಹಾಕಿದರು. ಮತ್ತೆ ಸಾಲಗಾಮೆಗೆ ಹೋಗಲಿಲ್ಲ.

'ಯಾರೂ ಓದಲ್ಲ ಅಂತ ನಾನೂ ನಂಬಿಬಿಟ್ಟೆ' ಎಂದರು. ಪುಸ್ತಕ ಮುಚ್ಚಿ ತಲೆ ಅಲ್ಲಾಡಿಸಿದರು. 'ಆದರೂ ನೋಡಮ್ಮ, ಹೆಸರು ಹಾಕಿದಾಕ್ಷಣ ಓದಿದಾರೆ ಅಂತಲ್ಲ. ಒಬ್ಬರ ಪಟ್ಟೀನ ನೋಡಿ ಇನ್ನೊಬ್ಬರು ಇಳಿಸ್ಕೋತಾರೆ. ಒಳಗೆ ಏನಂತ ಹೇಳಿದಾರೆ? ಅದು ಗೊತ್ತಾ?'

ಗೊತ್ತಿರಲಿಲ್ಲ. ಹಂಸಳ ಮುಖ ಸಪ್ಪಗಾಯಿತು. ಅಷ್ಟೂ ಥೀಸಿಸ್ಸನ್ನು ಒಂದೊಂದು ಅಕ್ಷರವೂ ಬಿಡದೆ ಟೈಪ್ ಮಾಡಿದ್ದವಳು ಅವಳೇ. ಬೆರಳು ಓದುತ್ತಿತ್ತು, ಅವಳು ಓದುತ್ತಿರಲಿಲ್ಲ.

'ಫಾರಂ ಯಾವಾಗ ಕೊಡಬೇಕು ಸಾರ್?'

'ದೀಪಾವಳಿ ಹೊತ್ತಿಗೆ.'

'ಹಾಗಾದರೆ ಇಲ್ಲೇ ಬಿಟ್ಟುಹೋಗಿ. ನೋಡಿ ಹೇಳ್ತೀನಿ.'

ಆರತಿ ಅಷ್ಟರಲ್ಲಿ ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಉಪನ್ಯಾಸಕಿಯಾಗಿದ್ದಳು. ಹಂಸ ಫೋನ್ ಮಾಡಿ ವಿಷಯ ಹೇಳಿದಾಗ, 'ಅಕ್ಕಾ, ನಾನೂ ಅವರ ಹೆಸರು ಹಾಕಿದ್ದೆ. ಓದಿದ್ದೆನಾ ಅಂತ ಕೇಳಬೇಡಿ' ಎಂದು ನಕ್ಕಳು. ಆದರೆ ಗ್ರಂಥಾಲಯಗಳಿಗೆ ಕಾಗದ ಬರೆದು ಒಳಗೆ ಹೋಗಲು ಒಪ್ಪಿಗೆ ಕೊಡಿಸಿದವಳೂ ಅವಳೇ. ಹಂಸ ಸೋಮವಾರ ಸೋಮವಾರ ಕೋಣೆಗೆ ಬೀಗ ಹಾಕಿದಳು. ಹಾಸನದಲ್ಲಿ ಸಿಕ್ಕಿದ್ದನ್ನು ಹಾಸನದಲ್ಲಿ, ಮೈಸೂರಿನಲ್ಲಿದ್ದದ್ದನ್ನು ಮೈಸೂರಿಗೆ ಹೋಗಿ, ಎರಡು ಸಲ ಬೆಂಗಳೂರಿಗೂ ಹೋಗಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಥೀಸಿಸ್ ಬಿಡಿಸಿದಳು. ಪಂಚಾಕ್ಷರಯ್ಯನವರ ಹೆಸರು ಬಂದ ಸಾಲು, ಅದರ ಮೇಲಿನ ಸಾಲು, ಕೆಳಗಿನ ಸಾಲು, ಇಷ್ಟನ್ನು ಹಾಳೆಗೆ ಇಳಿಸಿದಳು. ಮೊದಲ ಎರಡು ವಾರ ಏನೂ ಅರ್ಥವಾಗಲಿಲ್ಲ. ಮೂರನೇ ವಾರ, ತನ್ನ ಕೈಯಲ್ಲಿ ಹತ್ತಾರು ಸಲ ಹಾದುಹೋದ ಪದಗಳು ಒಂದೊಂದಾಗಿ ಬಾಯಿ ಬಿಡತೊಡಗಿದವು. ಒಂದು ಸೋಮವಾರ ಮೈಸೂರಿನಲ್ಲಿ ಊಟ ಮರೆತು ಓದುತ್ತಾ ಕೂತಿದ್ದಾಗ, ಬಾಗಿಲು ಹಾಕುವವರು ಬಂದು ಎಬ್ಬಿಸಬೇಕಾಯಿತು.

ಮೂವತ್ತೊಂದರಲ್ಲಿ ಇಪ್ಪತ್ತೆಂಟು ಸಿಕ್ಕವು. ಸಿಗದ ಮೂರನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಒಂಬತ್ತು ಜನ ಬರೀ ಪಟ್ಟಿಯಲ್ಲಿ ಹೆಸರು ಹಾಕಿ ಸುಮ್ಮನಾಗಿದ್ದರು. ಹದಿನೈದು ಜನ ಅವರು ಹೇಳಿದ ರೀತಿಯಲ್ಲೇ ಹೊಲದಲ್ಲಿ ಕೆಲಸ ಮಾಡಿದ್ದರು; ಅದರಲ್ಲಿ ಒಬ್ಬ ಪುಣ್ಯಾತ್ಮ ಎರಡು ಪ್ಯಾರಾವನ್ನು ಇದ್ದಹಾಗೇ ಎತ್ತಿಕೊಂಡಿದ್ದ. ಮಿಕ್ಕ ನಾಲ್ವರು, ಇದು ತಪ್ಪು, ನಮ್ಮ ಕಡೆ ಎಲೆ ಎಂಟಕ್ಕೇ ಒಣಗಿದರೂ ರೋಗ ಬಂದಿದೆ ಎಂದು ಬರೆದಿದ್ದರು. ಆರತಿ ಇಂಟರ್‌ನೆಟ್ ಸೆಂಟರಿನಿಂದ ಬರೆದ ಒಂದು ಪತ್ರಕ್ಕೆ ನೀಲಗಿರಿ ಕಡೆಯ ವಿಜ್ಞಾನಿಯೊಬ್ಬರು ಉತ್ತರ ಕೊಟ್ಟಿದ್ದರು. ಔಷಧ ಯಾವಾಗ ಹೊಡೆಯಬೇಕೆಂದು ಬೆಳೆಗಾರರಿಗೆ ಹೇಳಲು ತಾವು ಆ ಲೇಖನದ ಕೋಷ್ಟಕವನ್ನೇ ಬಳಸುತ್ತಿದ್ದೇವೆ, 'ಶ್ರೀ ಕೊಣನೂರು ಅವರಿಗೆ' ಎಂದು ಕಾಗದ ಬರೆದಿದ್ದೆವು, ಅದು ವಾಪಸು ಬಂತು ಎಂದಿದ್ದರು.

ಪಂಚಾಕ್ಷರಯ್ಯನವರು ಮತ್ತೆ ಬಂದಾಗ ಹಂಸ ಹಾಳೆಗಳನ್ನು ಜೋಡಿಸಿಟ್ಟಿದ್ದಳು. 'ಸಾರ್, ನಾಲ್ಕು ಜನ ನೀವು ಹೇಳಿದ್ದು ತಪ್ಪು ಅಂದಿದಾರೆ. ಅದನ್ನೂ ಸೇರಿಸಿದೀನಿ. ಸಮಿತಿಗೆ ಅದು ಬೇಡ ಅಂದರೆ...'

'ಬೇಡ ಅಂತೀನಾ? ಮೊದಲು ಅದನ್ನ ಕೊಡಿ!'

ಕಿಟಕಿಯ ಬೆಳಕಿಗೆ ಹೋಗಿ ನಿಂತುಕೊಂಡೇ ನಾಲ್ಕೂ ಹಾಳೆ ಓದಿದರು. ತಿರುಗಿದಾಗ ಅವರ ಮುಖ ಬೇರೆಯೇ ಆಗಿತ್ತು. 'ಇವರು ಓದಿದಾರಮ್ಮ. ಎಲೆ ಮುಟ್ಟಿ ನೋಡಿ, ನನ್ನ ಮಾತು ಅವರ ಹೊಲದಲ್ಲಿ ಯಾಕೆ ನಿಲ್ಲಲಿಲ್ಲ ಅಂತ ತಲೆ ಕೆಡಿಸ್ಕೊಂಡಿದಾರೆ. ನಾಳೆ ಭಾನುವಾರ ಅಲ್ವಾ? ಸಾಲಗಾಮೆಗೆ ಹೋಗೋಣ. ರಂಗಯ್ಯನೋರಿಗೆ ಇದನ್ನ ಹೇಳಲೇಬೇಕು.' ಹಾಳೆಗಳನ್ನು ಮಡಚುತ್ತಾ, 'ನೀವೂ ಬರಬೇಕು. ಒಬ್ಬನೇ ಹೋಗೋಕೆ ನನಗೆ ಮುಖ ಇಲ್ಲ' ಎಂದರು.

ರಂಗಯ್ಯನವರು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಎಪ್ಪತ್ತು ದಾಟಿದ ಗಟ್ಟಿ ಆಳು. ಬಂದವರನ್ನು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

'ಯಾರು, ಮೇಷ್ಟ್ರಾ? ಅದಿನೈದು ವರ್ಸ ಆಯ್ತಲ್ಲಾ ಈ ಕಡೀಕೆ ತಲೆ ಆಕಿ! ಬನ್ನಿ, ಕೂತ್ಕಳಿ. ವಿಜಯಾ, ಮೇಷ್ಟ್ರು ಬಂದವ್ರೆ, ಕಾಪಿ ಮಾಡು.'

ಬೈಗುಳವೂ ಇಲ್ಲ, ಕೊಂಕೂ ಇಲ್ಲ. ಪಂಚಾಕ್ಷರಯ್ಯನವರು ಹಾಳೆಗಳನ್ನು ಹಂಸಳ ಕೈಗೆ ದಾಟಿಸಿದರು; ಅವಳೇ ಹೇಳಿದಳು. 'ರಂಗಯ್ಯನೋರೇ, ನಿಮ್ಮ ಹೆಸರು ಇಪ್ಪತ್ತೆಂಟು ಪುಸ್ತಕದಲ್ಲಿದೆ. ನಾನೇ ನೋಡ್ಕೊಂಡು ಬಂದಿದೀನಿ.'

'ನನ್ನೆಸ್ರಾ? ಓಟರ್ ಲಿಸ್ಟ್‌ನಾಗೇ ನನ್ನೆಸ್ರು ನೆಟ್ಟಗೆ ಬರ್ದಿಲ್ಲ, ಪುಸ್ತಕದಾಗೆ ಯಾರವ್ವ ಬರ್ದರು?'

'ಆಲೂಗಡ್ಡೆ ಬಗ್ಗೆ ಓದೋರು. ಅದರಲ್ಲಿ ಆರು ಜನ ನಿಮ್ಮನ್ನ ಡಾಕ್ಟರ್ ರಂಗಯ್ಯ ಅಂತ ಬರೆದಿದಾರೆ.'

ಕಾಫಿ ತರುತ್ತಿದ್ದ ಹೆಂಡತಿ ವಿಜಯಮ್ಮ ಬಾಗಿಲಲ್ಲೇ ನಿಂತು ನಗತೊಡಗಿದರು. 'ಡಾಕುಟ್ರಂತೆ! ಜರ ಬಂದ್ರೆ ಒಂದು ಮಾತ್ರೆ ನುಂಗಾಕೆ ಊರೆಲ್ಲ ಕೂಗಾಡ್ತಾರೆ, ಇವ್ರು ಡಾಕುಟ್ರು!'

ನಗು ಇಳಿದ ಮೇಲೆ ಪಂಚಾಕ್ಷರಯ್ಯನವರು ನಾಲ್ವರ ಆಕ್ಷೇಪವನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ರಂಗಯ್ಯನವರು ಹೊಸೆಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು.

'ಅವ್ರು ಏಳಿರಾದು ದಿಟ ಕಣ್ ಮೇಷ್ಟ್ರೇ. ನಮ್ಮ ಕೆರೆ ಕೆಳಗ್ಲ ಒಲದಾಗೂ ಅಂಗೇಯ. ಬೆಳಿಗ್ಗೆ ಬೇಗ್ನೆ ಒಣಗ್ತದೆ, ಆದ್ರೂ ರೋಗ ಬತ್ತದೆ. ಯಾಕೇಳಿ? ಅಲ್ಲಿ ದನ ಮನೀಗೆ ಬರಾ ವತ್ಗೇ ಎಲೆ ನೆಂದಿರ್ತದೆ. ನಾವು ಬೆಳಿಗ್ಗೆ ಒಣಗಾದ್ನ ನೋಡುದ್ವಿ, ಸಂಜೆ ನೆನಿಯಾದ್ನ ನೋಡ್ಲಿಲ್ಲ.'

'ಇದು ನಿಮಗೆ ಯಾವಾಗ ಗೊತ್ತಾಯ್ತು?'

'ನೀವು ಬರಾದು ನಿಲ್ಸುದ್ ಮ್ಯಾಕೆ. ಎಂಬತ್ತೆಂಟೋ ತೊಂಬತ್ತೋ. ಬರ್ದಿವ್ನಲ್ಲ, ನೋಡಾನ ತಡೀರಿ.'

ಅಟ್ಟಕ್ಕೆ ಏಣಿ ಹಾಕಿ ಮೇಲೆ ಹೋದವರು ಗೋಣಿಚೀಲದಲ್ಲಿ ಸುತ್ತಿದ್ದ ಕಟ್ಟೊಂದನ್ನು ಇಳಿಸಿದರು. ಗೋಡೆ ಕ್ಯಾಲೆಂಡರುಗಳು. 1987ರಿಂದ ಆ ವರ್ಷದವರೆಗೆ ಹದಿನೈದು. ಮಳೆಗಾಲದ ತಿಂಗಳುಗಳ ಪ್ರತಿ ಚೌಕದಲ್ಲೂ ಪೆನ್ಸಿಲಿನ ಗುರುತು. ಮೇಷ್ಟ್ರು ಕೊಟ್ಟಿದ್ದ ಗಡಿಯಾರ ಕೆಟ್ಟ ಮೇಲೆ ರಂಗಯ್ಯನವರ ಮನೆಯಲ್ಲಿ ಗಡಿಯಾರವಿರಲಿಲ್ಲ, ಹೊಲದ ಪಕ್ಕದಲ್ಲಿ ಹಾಸನದ ರಸ್ತೆ ಇತ್ತು. ಮೊದಲನೇ ಬಸ್ಸು ಬರುವಾಗ ಎಲೆ ಒಣಗಿದ್ದರೆ ಒಂದು ಗೀಟು, ಎರಡನೇ ಬಸ್ಸಿಗಾದರೆ ಎರಡು, ಮೂರನೆಯದಕ್ಕಾದರೆ ಮೂರು. 1990ರಿಂದ ಈಚೆಗೆ ಚೌಕದ ಕೆಳಗೆ ಸಂಜೆಯ ಬಸ್ಸುಗಳ ಗೀಟುಗಳೂ ಇದ್ದವು. ರೋಗ ಕಂಡ ದಿನಕ್ಕೆ ಒಂದು ಸುತ್ತು.

ಪಂಚಾಕ್ಷರಯ್ಯನವರು ಒಂದೊಂದೇ ಕ್ಯಾಲೆಂಡರನ್ನು ತೊಡೆಯ ಮೇಲೆ ಹಾಕಿಕೊಂಡು ನೋಡಿದರು. 'ನಾನು ಬಿಟ್ಟುಬಿಟ್ಟೆ. ನೀವು ಯಾಕೆ ಬರೀತಾ ಹೋದಿರಿ ರಂಗಯ್ಯನೋರೇ?'

'ನೀವು ದಿನಾ ನೋಡಿ ಬರೀರಿ ಅಂದಿದ್ರಿ. ನಿಲ್ಸಿ ಅಂತ ಏಳ್ಲಿಲ್ವಲ್ಲ.'

ವಿಜಯಮ್ಮ ಲೋಟ ತೆಗೆದುಕೊಂಡು ಒಳಗೆ ಹೋದರು. ಹಂಸ ಹತ್ತಿರದಲ್ಲಿದ್ದ ಕ್ಯಾಲೆಂಡರ್ ಎತ್ತಿ, ತನಗೇ ಗೊತ್ತಿಲ್ಲದಂತೆ ಗೀಟುಗಳನ್ನು ಎಣಿಸತೊಡಗಿದ್ದಳು.

ಸಮಿತಿಯವರು ಡಿಸೆಂಬರಿನಲ್ಲಿ ಅರಕಲಗೂಡಿಗೆ ಬಂದರು. ಪ್ರಿನ್ಸಿಪಾಲ್ ಚಂದ್ರಶೇಖರಯ್ಯನವರಿಗೆ ಆ ಹಾಳೆಗಳ ಬಗ್ಗೆ ಅಳುಕಿತ್ತು. 'ಟೈಪಿಸ್ಟ್ ಮಾಡಿದ ಲೆಕ್ಕ ಅಂದರೆ ನಗಲ್ವೇನ್ರಿ? ಜೊತೆಗೆ ತಪ್ಪು ಅಂದೋರದ್ದೂ ಹಾಕಿದೀರಿ' ಎಂದು ಕೊನೆಯ ಗಳಿಗೆಯವರೆಗೂ ಗೊಣಗಿದರು. ಸಮಿತಿಯಲ್ಲಿ ಹೊರರಾಜ್ಯದ ಒಬ್ಬ ಹಿರಿಯ ಪ್ರಾಧ್ಯಾಪಕಿ ಇದ್ದರು. ಬೇರೆ ಫೈಲುಗಳನ್ನು ಸರಸರ ತಿರುವಿದವರು ಇದನ್ನು ಮಾತ್ರ ಕನ್ನಡಕ ಏರಿಸಿಕೊಂಡು ಓದಿದರು.

'ಈ ರಂಗಯ್ಯನವರು ಯಾವ ವಿಭಾಗ?' ಎಂದು ಕೇಳಿದರು.

ಪ್ರಿನ್ಸಿಪಾಲರು ನೆಲ ನೋಡಿದರು. ಪಂಚಾಕ್ಷರಯ್ಯನವರು ಈ ಸಲ ತಡವರಿಸಲಿಲ್ಲ. 'ವಿಭಾಗ ಇಲ್ಲ ಮೇಡಂ, ಹೊಲ ಇದೆ. ಸಾಲಗಾಮೆಯಲ್ಲಿ. ಅವರ ಹತ್ತಿರ ಹದಿನೈದು ವರ್ಷದ ದಾಖಲೆ ಇದೆ, ನನ್ನ ಹತ್ತಿರ ಏಳೇ ಇರೋದು.'

ಯಾರೂ ನಗಲಿಲ್ಲ. ಆಕೆ ಹೇಳಿದ್ದನ್ನು ಪಂಚಾಕ್ಷರಯ್ಯನವರು ಅದೇ ಸಂಜೆ ಹಾಸನಕ್ಕೆ ಫೋನ್ ಮಾಡಿ ಹಂಸಳಿಗೆ ಒಪ್ಪಿಸಿದರು. 'ಎಲ್ಲಾ ಕಡೆ ನನಗೆ ಒಂದು ಸಂಖ್ಯೆ ಕೊಡ್ತಾರೆ, ಇಷ್ಟು ಲೇಖನ, ಇಷ್ಟು ಉಲ್ಲೇಖ ಅಂತ. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಅಂತ ಬರೆದುಕೊಟ್ಟಿದ್ದನ್ನ ಇದೇ ಮೊದಲು ನೋಡಿದ್ದು ಅಂದರಮ್ಮ. ಯಾರು ಮಾಡಿದ್ದು ಅಂತ ಕೇಳಿದರು. ನಿಮ್ಮ ಹೆಸರು ಬರ್ಕೊಂಡಿದಾರೆ.'

'ಸರಿಯಾಗಿ ಬರ್ಕೊಂಡರಾ ಸಾರ್?' ಎಂದು ಹಂಸ ಕೇಳಿದಳು.

ಮುಂದಿನ ವರ್ಷ ಪಂಚಾಕ್ಷರಯ್ಯನವರು ನಿವೃತ್ತರಾದರು. ಬೀಳ್ಕೊಡುಗೆಯ ಮಾರನೇ ವಾರದಿಂದಲೇ ವಾರಕ್ಕೆರಡು ದಿನ ಟ್ರಂಕಿನ ರಿಜಿಸ್ಟರುಗಳನ್ನು ಚೀಲದಲ್ಲಿ ಹಾಕಿಕೊಂಡು ಹಾಸನಕ್ಕೆ ಬರತೊಡಗಿದರು. ಹಂಸಳ ಕೋಣೆಗೆ ಆಗ ತಾನೇ ಕಂಪ್ಯೂಟರ್ ಬಂದಿತ್ತು. ಅವರು ಕ್ಯಾಲೆಂಡರಿನ ಗೀಟು ಓದುವುದು, ಅವಳು ಕೋಷ್ಟಕಕ್ಕೆ ಹಾಕುವುದು. ಎರಡು ತಿಂಗಳು ಹೀಗೆ ನಡೆದಿರುವಾಗ ಹಂಸಳಿಗೆ ಒಂದು ಅನುಮಾನ ಹುಟ್ಟಿತು. 1994ರಿಂದ ಈಚೆಗೆ ಎಲ್ಲ ದಿನವೂ ಎಲೆ ಬೇಗ ಒಣಗಿದ ಹಾಗೆ ಕಾಣುತ್ತಿತ್ತು.

'ಸಾರ್, ಹವಾ ಬದಲಾಯಿತೋ, ಬಸ್ಸಿನ ಟೈಮು ಬದಲಾಯಿತೋ?'

ದಿನಾ ಬಸ್ಸಿಗೆ ಓಡುವವರಿಗೆ ಮಾತ್ರ ಏಳುವ ಪ್ರಶ್ನೆ ಅದು. ಹಂಸ ಡಿಪೋಗೆ ಹೋಗಿ ಹಳೆಯ ವೇಳಾಪಟ್ಟಿ ಕೇಳಿದಳು. ಅಲ್ಲಿನ ಗುಮಾಸ್ತರು ಮೊದಲು ಇದ್ಯಾವ ಕೇಸು ಎಂದು ಹೆದರಿದರು. ಆಲೂಗಡ್ಡೆ ಎಂದ ಮೇಲೆ ನಗುತ್ತಾ ದಾಖಲೆ ಕೋಣೆಗೆ ಕರೆದೊಯ್ದರು. 1994ರ ಏಪ್ರಿಲಿನಲ್ಲಿ ಸಾಲಗಾಮೆಯ ಮೊದಲ ಬಸ್ಸು ನಲವತ್ತು ನಿಮಿಷ ತಡವಾಗಿ ಹೊರಡುವಂತೆ ಬದಲಾಗಿತ್ತು. ಅಂದರೆ ಮೊದಲನೇ ಬಸ್ಸಿಗೆ ಒಣಗಿತ್ತು ಎಂಬ ಗೀಟು ಅಲ್ಲಿಂದೀಚೆಗೆ ನಲವತ್ತು ನಿಮಿಷ ತಡದ್ದು. ಎಂಟು ವರ್ಷದ ಅಂಕಿಗಳನ್ನು ತಿದ್ದಿದರು. ತಿದ್ದಿದ ಮೇಲೆ ರಂಗಯ್ಯನವರು ಹೇಳಿದ ಮಾತು ಕೋಷ್ಟಕದಲ್ಲಿ ಸ್ಪಷ್ಟವಾಗಿ ಎದ್ದುನಿಂತಿತು. ಬೆಳಿಗ್ಗೆ ಎಷ್ಟು ಹೊತ್ತಿಗೆ ಒಣಗಿತು ಅನ್ನುವುದಷ್ಟೇ ಸಾಲದು. ಸಂಜೆ ನೆನೆದಲ್ಲಿಂದ ಬೆಳಿಗ್ಗೆ ಒಣಗುವವರೆಗೆ ಎಲೆ ಒಟ್ಟು ಎಷ್ಟು ಗಂಟೆ ಒದ್ದೆಯಾಗಿತ್ತು ಅನ್ನುವುದನ್ನು ನೋಡಬೇಕು.

ಲೇಖನ ಸಿದ್ಧವಾದ ದಿನ ಪಂಚಾಕ್ಷರಯ್ಯನವರು ಮೊದಲ ಪುಟವನ್ನು ಕೈಯಲ್ಲಿ ಬರೆದುಕೊಟ್ಟರು. ಹಂಸ ಟೈಪ್ ಮಾಡುತ್ತಾ ಲೇಖಕರ ಸಾಲಿಗೆ ಬಂದಳು. ರಂಗಯ್ಯ, ಕೆ. ಎಸ್. ಪಂಚಾಕ್ಷರಯ್ಯ ಮತ್ತು ಎಸ್. ಹಂಸ.

'ಸಾರ್, ಇದು ಬೇಡ. ನಾನು ಪಿಯುಸಿ ಫೇಲು.'

'ಮೊದಲನೇ ಹೆಸರಿನೋರು ನಾಲ್ಕನೇ ಕ್ಲಾಸು.'

'ಅವರು ಹದಿನೈದು ವರ್ಷ ನೋಡಿದಾರೆ. ನಾನು ಟೈಪ್ ಮಾಡಿದೀನಿ ಅಷ್ಟೆ.'

'ಟೈಪ್ ಮಾಡೋರು ಡಿಪೋಗೆ ಹೋಗಲ್ಲಮ್ಮ' ಎಂದರು ಪಂಚಾಕ್ಷರಯ್ಯನವರು. 'ನೀವು ಆ ಪ್ರಶ್ನೆ ಕೇಳದಿದ್ದರೆ ಇದು ಪೂರ್ತಿ ಸುಳ್ಳು ಲೇಖನ ಆಗಿರ್ತಿತ್ತು. ಯಾರು ಎಷ್ಟು ಮಾಡಿದಾರೆ ಅಂತ ಇಪ್ಪತ್ತೆಂಟು ಥೀಸಿಸ್ ಅಳೆದೋರು ನೀವು. ನಿಮ್ಮ ಕೆಲಸ ಅಳೆಯೋವಾಗ ಮಾತ್ರ ಕೈ ಬಿಗಿ ಹಿಡೀತೀರಲ್ಲ.'

ಹಂಸ ಕೀಲಿಮಣೆಯ ಕಡೆ ತಿರುಗಿದಳು. ಟೈಪ್ ಮಾಡಿದಳು. ಹತ್ತು ವರ್ಷಕ್ಕೂ ಮೇಲೆ ಬೇರೆಯವರ ಹೆಸರನ್ನು ತಪ್ಪಿಲ್ಲದೆ ಹೊಡೆದವಳು ತನ್ನ ಹೆಸರಿಗೆ ಬಂದಾಗ ಎರಡು ಸಲ ತಪ್ಪು ಹೊಡೆದು ಅಳಿಸಿದಳು.

ಪತ್ರಿಕೆಯವರು ಒಂದು ಸಲ ವಾಪಸು ಕಳಿಸಿದರು. ಗೋಡೆ ಕ್ಯಾಲೆಂಡರನ್ನು ನಂಬುವುದು ಹೇಗೆ ಎಂದು ಕೇಳಿದ್ದರು. ಹದಿನೈದು 'ಜುಲೈ' ಹಾಳೆಗಳ ಜೆರಾಕ್ಸ್, ಡಿಪೋದ ವೇಳಾಪಟ್ಟಿಯ ನಕಲು, ಎರಡನ್ನೂ ಕಳಿಸಿದರು. 2004ರ ಮಾರ್ಚಿನಲ್ಲಿ ಲೇಖನ ಅಚ್ಚಾಯಿತು. ರಂಗಯ್ಯನವರು ತಮ್ಮ ಪ್ರತಿಯನ್ನು ಊರಿನ ಡೈರಿಗೆ ಕೊಂಡುಹೋಗಿ ಹಾಲು ಹಾಕಲು ಬಂದವರಿಗೆಲ್ಲ ತೋರಿಸಿದರಂತೆ. ಹೊಳೆನರಸೀಪುರದಲ್ಲಿ ಲಕ್ಷ್ಮೀದೇವಮ್ಮನವರು ಕನ್ನಡಕ ಒರೆಸಿಕೊಂಡು ಹೆಸರು ಹುಡುಕಿದರು. 'ನಿಮ್ಮಪ್ಪನದು ಒಂದೇ ಅಕ್ಷರ ಹಾಕಿದಾರಲ್ಲೇ. ಪೂರ್ತಿ ಹಾಕಿದ್ದರೆ ಅವರಪ್ಪನ ಗಂಟೇನು ಹೋಗ್ತಿತ್ತು?' ಎಂದರು. ಆದರೆ ಆ ವಾರ ಮನೆಗೆ ಬಂದ ಒಬ್ಬರನ್ನೂ ಅದನ್ನು ತೋರಿಸದೆ ಕಳಿಸಲಿಲ್ಲ.

ಅಷ್ಟರಲ್ಲಿ ಹಂಸಳ ಕೋಣೆಗೆ ಬೇರೆ ಥರದ ಜನ ಬರತೊಡಗಿದ್ದರು. ಕಾಲೇಜುಗಳನ್ನು ಅಳೆಯುವ ಕಾಲ ಶುರುವಾಗಿತ್ತು; ಎಲ್ಲ ಮೇಷ್ಟ್ರುಗಳಿಗೂ ತಮ್ಮ ಲೇಖನವನ್ನು ಯಾರು ಓದಿದರು ಎಂಬ ಪಟ್ಟಿ ಬೇಕಿತ್ತು. ಹಂಸ ಕಂಪ್ಯೂಟರಿನಲ್ಲಿ ಹುಡುಕುವುದನ್ನು ಆರತಿಯಿಂದ ಕಲಿತಳು. ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡುವುದು, ಮೂರು ಹೆಸರಾಗಿ ಚದುರಿದ ಒಬ್ಬರನ್ನು ಕೂಡಿಸುವುದು, ಅವಳಿಗೆ ಬೇರೆ ಯಾರೂ ಕಲಿಸಬೇಕಾಗಿರಲಿಲ್ಲ. ಕೇದಾರ್ ಎಂಬ ಯುವ ಉಪನ್ಯಾಸಕ ಒಮ್ಮೆ ಬಂದು, 'ಮೇಡಂ, ನನ್ನ ಲೇಖನವನ್ನ ನನ್ನದೇ ಬೇರೆ ಲೇಖನದಲ್ಲಿ ಹದಿನಾಲ್ಕು ಸಲ ಉಲ್ಲೇಖಿಸಿದೀನಿ, ಅದನ್ನೂ ಸೇರಿಸಿಬಿಡಿ' ಎಂದ.

'ಸೇರಿಸ್ತೀನಿ ಸಾರ್, ಬೇರೆ ಕಾಲಂನಲ್ಲಿ. ಮೇಲೆ ಏನಂತ ಹೆಡ್ಡಿಂಗ್ ಹಾಕಲಿ ಹೇಳಿ.'

ಕೇದಾರ್ ಸ್ವಲ್ಪ ಯೋಚಿಸಿ, ಬೇಡ ಬಿಡಿ ಎಂದು ನಕ್ಕುಬಿಟ್ಟ. ಆಮೇಲೆ ಚನ್ನರಾಯಪಟ್ಟಣದಲ್ಲಿ ಆರತಿ ಸಂಶೋಧನಾ ವಿದ್ಯಾರ್ಥಿಗಳಿಗೆಂದು ಎರಡು ದಿನದ ತರಗತಿ ಏರ್ಪಡಿಸಿ ಹಂಸಳನ್ನು ಮಾತಾಡಲು ಕರೆದಾಗ, ಮುಂದಿನ ಸಾಲಿನಲ್ಲಿ ಕೂತು ಬರೆದುಕೊಂಡವನೂ ಅವನೇ. ಮೈಕಿನ ಮುಂದೆ ಹಂಸ ಮೊದಲು ಬರೆದುಕೊಂಡು ಬಂದಿದ್ದನ್ನೇ ಓದಿದಳು. ಹತ್ತು ನಿಮಿಷ ಕಳೆದ ಮೇಲೆ ಹಾಳೆ ಮಡಚಿಟ್ಟು, ಬೇರೆಯವರನ್ನು ಉಲ್ಲೇಖಿಸುವ ಮೊದಲು ಒಂದು ಸಲವಾದರೂ ಓದಿ, ನಾನು ಹತ್ತು ವರ್ಷ ಓದದೆ ಟೈಪ್ ಮಾಡಿದವಳು, ಅದರ ನಷ್ಟ ನನಗೆ ಗೊತ್ತು ಎಂದು ಹೇಳಿದಳು.

2006ರ ಮಳೆಗಾಲದಲ್ಲಿ ಶಾಂತಿಗ್ರಾಮದಿಂದ ಕೋಮಲಾ ಎಂಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಮೂವತ್ತರ ಆಸುಪಾಸು, ಬಗಲಲ್ಲಿ ಪ್ಲಾಸ್ಟಿಕ್ ಕವರು. ಬಾಗಿಲಲ್ಲೇ ನಿಂತಳು.

'ಅಕ್ಕಾ, ಸಾಲಗಾಮೆ ರಂಗಯ್ಯನೋರ ವಿಚಾರ ನಮ್ಮೂರ ಡೈರೀಲಿ ಏಳ್ತಿದ್ರು. ನಾನು ಓದ್ದೋಳಲ್ಲ, ಏಳನೇ ಕ್ಲಾಸು. ನಮ್ಮನೇಲಿ ನಾಕು ಅಸ ಅವೆ. ಜ್ವರ ಯಾವಾಗ ಬತ್ತದೆ, ಅದಕ್ಕೆ ಮುಂಚೆ ಮೇವು ಎಷ್ಟು ತಿಂತಿದ್ವು ಅಂತ ಆರು ವರ್ಸದಿಂದ ಬರ್ದಿಟ್ಟಿವ್ನಿ. ಸುಮ್ನೆ ಬರ್ದಿದ್ದು. ಇದೇನಾದ್ರೂ ಉಪಯೋಗಕ್ಕೆ ಬತ್ತದಾ ಅಂತ ಕೇಳಾಣ ಅಂತ ಬಂದೆ.'

ಹಂಸ ಟೈಪ್ ಮಾಡುತ್ತಿದ್ದುದನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಬೆಂಚಿನ ಮೇಲಿದ್ದ ಫೈಲುಗಳನ್ನು ಕೆಳಗಿಟ್ಟು ಜಾಗ ಮಾಡಿದಳು.

'ನನಗೂ ಗೊತ್ತಿಲ್ಲ ಕಣಮ್ಮ, ನೋಡಿದ ಮೇಲೆ ಗೊತ್ತಾಗೋದು. ಕೂತ್ಕೋ. ಮೊದಲನೇ ವರ್ಷದಿಂದ ತೆಗಿ.'

ಕೋಮಲಾ ಕವರಿನಿಂದ ಆರು ನೋಟ್‌ಬುಕ್ ತೆಗೆದು, ಸೆರಗಿನಿಂದ ಮಳೆನೀರು ಒರೆಸಿ, ಒಂದನ್ನು ಅವಳ ಕೈಗೆ ಕೊಟ್ಟಳು.